ಗೆದ್ದವರ ಅನ್ನ

ಶುಕ್ರವಾರ ಡೋಲು ಬಡಿಯಬೇಕು ಎಂದು ಜಯಪಾಲ ಬಂದು ಹೇಳಿದಾಗ ನಾನು ಟೈರಿನ ಕಂಟೈನರಿನೊಳಗಿದ್ದೆ.

ದುಬೈಯ ಜೆಬೆಲ್ ಅಲಿ ಬಂದರಿನ ಮೇ ತಿಂಗಳು. ಹಡಗಿನಿಂದ ಇಳಿದ ಕಬ್ಬಿಣದ ಪೆಟ್ಟಿಗೆ ಬಿಸಿಲಲ್ಲಿ ನಿಂತು ಕಾದಿರುತ್ತದೆ. ಬಾಗಿಲು ತೆರೆದರೆ ಒಳಗಿನ ಧಗೆ ಮುಖಕ್ಕೆ ಬಡಿಯುತ್ತದೆ. ಟೈರುಗಳನ್ನು ಒಂದರೊಳಗೊಂದು ತುರುಕಿ, ಪೆಟ್ಟಿಗೆಯ ಮಾಡು ಮುಟ್ಟುವವರೆಗೆ ಒತ್ತಿ ಪೇರಿಸಿರುತ್ತಾರೆ. ಅದಕ್ಕೆ ಯಂತ್ರ ಆಗುವುದಿಲ್ಲ, ಮನುಷ್ಯರೇ ಆಗಬೇಕು. ಇಬ್ಬರು ಎರಡು ಬದಿ ಹಿಡಿದು, ಕಾಲು ಒತ್ತಿಕೊಟ್ಟು ಎಳೆಯಬೇಕು. ಬೆವರು ಬರುತ್ತದೆ, ಆಮೇಲೆ ಬೆವರೂ ನಿಂತುಹೋಗುತ್ತದೆ. ರಬ್ಬರಿನ ಕಪ್ಪು ಉಗುರೊಳಗೆ, ಮೂಗೊಳಗೆ, ಗಂಟಲೊಳಗೆ. ಸೋಪು ಹಾಕಿ ಮೈ ತಿಕ್ಕಿದ ಮೇಲೂ ಉಗುಳು ಕಪ್ಪಗೇ ಇರುತ್ತಿತ್ತು.

“ಚನಿಯಾ, ಶುಕ್ರವಾರ ಬೆಳಿಗ್ಗೆ ಕ್ಯಾಂಪಲ್ಲಿ ಒಂದು ಪ್ರೋಗ್ರಾಮ್ ಉಂಟು. ನಿನ್ನ ಡೋಲು ಬೇಕು,” ಎಂದ ಜಯಪಾಲ. ಅವನು ನಮ್ಮ ಕ್ಯಾಂಪ್ ಬಾಸ್, ಕೆಲಸಗಾರರ ವಸತಿ ನೋಡಿಕೊಳ್ಳುವವನು. ನನ್ನೂರಿನ ಕಡೆಯವನೇ. ಕಂಟೈನರಿನ ಒಳಗೆ ಕಾಲಿಡಲಿಲ್ಲ, ನೆರಳಲ್ಲಿ ನಿಂತೇ ಮಾತಾಡಿದ.

“ಎಂತ ಪ್ರೋಗ್ರಾಮ್ ಜಯಪಾಲಣ್ಣ?”

“ಲಂಕಾದವರದ್ದು. ಅವರ ಯುದ್ಧ ಮುಗಿಯಿತಲ್ಲ ಮಾರಾಯ. ಲಿಯೊನೆಲ್ ಸಾರೇ ಮಾಡಿಸುವುದು. ಹಾಲನ್ನ ಹಂಚ್ತಾರಂತೆ. ಡೋಲು ನಮ್ಮ ಕಡೆಯಿಂದ ಅಂತ ನಾನು ಹೇಳಿ ಆಗಿದೆ.”

ಲಿಯೊನೆಲ್ ನಮ್ಮ ಗೋದಾಮಿನ ಮ್ಯಾನೇಜರ್, ಕೊಲಂಬೊದ ಸಿಂಹಳ. ಅವನನ್ನು ಖುಷಿಪಡಿಸಿದರೆ ಜಯಪಾಲನ ಕುರ್ಚಿ ಗಟ್ಟಿ. ಅಷ್ಟು ನನಗೆ ಅರ್ಥವಾಯಿತು. ಆದರೆ ಅದೇ ಟೈರಿನ ಇನ್ನೊಂದು ಬದಿ ಹಿಡಿದು ನಿಂತಿದ್ದವನು ತರ್ಮಲಿಂಗಂ, ಲಂಕಾದ ಉತ್ತರದ ಕಿಳಿನೊಚ್ಚಿಯ ತಮಿಳ. ನಾವು ತುಳುವಿನಲ್ಲಿ ಮಾತಾಡಿದ್ದು ಅವನಿಗೆ ತಿಳಿಯಲಿಲ್ಲ. ಲಂಕಾ ಎನ್ನುವ ಮಾತು ಮಾತ್ರ ತಿಳಿಯಿತು. ಅವನು ಟೈರು ಬಿಡದೆ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಹೆಂಡತಿ, ಮಗಳು ಆ ಯುದ್ಧದ ಒಳಗಿದ್ದರು. ಇದ್ದಾರೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಅದು ಎರಡು ಸಾವಿರದ ಒಂಬತ್ತನೇ ಇಸವಿ.

ನನ್ನ ಹೆಸರು ಚನಿಯ. ಶನಿವಾರ ಹುಟ್ಟಿದ್ದಕ್ಕೆ ಚನಿಯ. ನನ್ನಪ್ಪ ಶುಕ್ರವಾರದ ತುಕ್ರ. ನಮ್ಮ ಜನಕ್ಕೆ ಹೆಸರಿಡಲು ಯಾರೂ ಪಂಚಾಂಗ ತೆರೆಯಲಿಲ್ಲ, ಹುಟ್ಟಿದ ವಾರವನ್ನೇ ಕುತ್ತಿಗೆಗೆ ಕಟ್ಟಿ ಬಿಟ್ಟರು. ಉಡುಪಿ, ಕುಂದಾಪುರದ ಕಡೆ ಈ ಹೆಸರು ಹೇಳಿದರೆ ಮುಂದಿನ ಪ್ರಶ್ನೆಯೇ ಬೇಡ. ಎದುರಿನವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ದುಬೈಯಲ್ಲಿ ಹಾಗಿರಲಿಲ್ಲ. ಪಠಾಣನಿಗೆ, ಬಂಗಾಳಿಗೆ, ಮಲಬಾರಿಗೆ ಚನಿಯ ಎಂದರೆ ಬರೀ ಚನಿಯ. ನನ್ನ ಪಕ್ಕದಲ್ಲಿ ಕೂತು ನನ್ನ ತಟ್ಟೆಯಿಂದಲೇ ರೊಟ್ಟಿ ಮುರಿಯುತ್ತಿದ್ದರು. ಅದಕ್ಕಾಗಿಯೇ ನಾನು ಆ ಧಗೆಯನ್ನೂ ಸಹಿಸಿಕೊಂಡಿದ್ದೆ. ಸಂಬಳಕ್ಕಿಂತ ಅದು ನನಗೆ ದೊಡ್ಡದಾಗಿತ್ತು.

ಕ್ಯಾಂಪಿನಲ್ಲಿ ನನ್ನ ಜಾತಿ ಜಯಪಾಲನಿಗೆ ಮಾತ್ರ ಗೊತ್ತಿತ್ತು. ಹಿಂದಿನ ವರ್ಷ ನಾನು ರಜೆಯಲ್ಲಿ ಊರಿಗೆ ಹೊರಟಾಗ ಅವನೇ ಹೇಳಿ ಡೋಲು ತರಿಸಿದ್ದ. “ನಮ್ಮ ತುಳುನಾಡಿನ ಸಂಸ್ಕೃತಿ ಚನಿಯಾ, ಇಲ್ಲಿಯ ಮಕ್ಕಳು ನೋಡ್ಲಿ,” ಎಂದಿದ್ದ. ದುಬೈಯ ದೊಡ್ಡ ಹಾಲ್‌ನಲ್ಲಿ ನಮ್ಮೂರ ಕಡೆಯವರ ಸಂಘದ ವಾರ್ಷಿಕೋತ್ಸವ. ವೇದಿಕೆಯಲ್ಲಿ ಇಂಜಿನಿಯರುಗಳು ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಇಟ್ಟು, ಮೈಗೆ ಮಸಿ ಹಚ್ಚಿಕೊಂಡು ನಮ್ಮ ವೇಷದಲ್ಲಿ ಕುಣಿದರು. ನಾನು ಪರದೆಯ ಹಿಂದೆ ನಿಂತು ಬಡಿದೆ. ಆಮೇಲೆ ಒಬ್ಬಳು ಹುಡುಗಿ ಓಡಿ ಬಂದು, “ಅಂಕಲ್, ಕ್ಯಾನ್ ಐ ಟಚ್ ಇಟ್?” ಎಂದು ಕೇಳಿದಳು. ಮುಟ್ಟಿದಳು. ಅವಳ ಅಮ್ಮ ನಗುನಗುತ್ತಲೇ ಬಂದು ಪರ್ಸಿನಿಂದ ಒದ್ದೆ ಕಾಗದ ತೆಗೆದು ಮಗಳ ಕೈ ಒರೆಸಿದಳು. ಒಳಗೆ ಊಟಕ್ಕೆ ಸಾಲು ನಿಂತಿತ್ತು. ನನಗೆ ಹಿಂದಿನ ಬಾಗಿಲಲ್ಲಿ ಪಾರ್ಸೆಲ್ ಕೊಟ್ಟರು. ಎರಡೂವರೆ ಸಾವಿರ ಕಿಲೋಮೀಟರ್ ದಾಟಿ ಬಂದರೂ ಹಿಂಬಾಗಿಲು ನನಗಿಂತ ಮೊದಲೇ ಬಂದು ಕಾದು ನಿಂತಿತ್ತು.

ಅಂದಿನಿಂದ ಆ ಡೋಲು ನನ್ನ ಮಂಚದ ಕೆಳಗಿತ್ತು. ಅದೇ ಕೋಣೆಯಲ್ಲಿದ್ದ ತರ್ಮಲಿಂಗಂ ಅದನ್ನು ನೋಡಿ ಕೇಳಿದ್ದ, “ತಂಬಿ, ನಿಮ್ಮೂರಲ್ಲಿ ಇದನ್ನು ಬಡಿಯುವವರು ಯಾರು?” ಯಾರು ಬೇಕಾದರೂ ಬಡಿಯಬಹುದು ಎಂದೆ. ಅವನು ನಂಬಲಿಲ್ಲ. ಅವನೂರಲ್ಲಿಯೂ ಹೆಣದ ಮುಂದೆ ಪರೆ ಬಡಿಯುವ ಜಾತಿ ಇದೆ, ಅವನ ಜಾತಿ ಅದಲ್ಲ. ಮರುದಿನದಿಂದ ಅವನು ತನ್ನ ನೀರಿನ ಬಾಟಲಿಯನ್ನು ಬೇರೆ ಮಾಡಿ ದಿಂಬಿನ ಪಕ್ಕಕ್ಕೆ ಇಟ್ಟುಕೊಳ್ಳತೊಡಗಿದ. ಊರು ಸುಟ್ಟುಹೋದರೂ ಜಾತಿ ಸುಡುವುದಿಲ್ಲ ನೋಡಿ. ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಇಟ್ಟುಕೊಂಡೇ ನಾನು ಅವನ ಜತೆ ಟೈರು ಎಳೆಯುತ್ತಿದ್ದೆ.

ಆದರೆ ಫೆಬ್ರವರಿಯ ಆ ಫೋನಿನ ನಂತರ ಸಿಟ್ಟು ಮಾಡುವುದಕ್ಕೂ ಆಗಲಿಲ್ಲ. ಅವನ ಹೆಂಡತಿ ಯಾರದೋ ಫೋನಿನಿಂದ ಮಾಡಿದ್ದಳು. ಹಿಂದೆ ಶೆಲ್ ಬೀಳುವ ಸದ್ದು. ಅವಳು ಹೇಳಿದ್ದು ಇಷ್ಟೇ: ಮಗಳು ಯಾಳಿನಿಯ ಕೂದಲು ಕತ್ತರಿಸಿದರು. ಫೋನು ನಿಂತಿತು. ತರ್ಮಲಿಂಗಂ ಮಂಚದ ಕಂಬ ಹಿಡಿದು ಕೂತುಬಿಟ್ಟ. ಹುಡುಗಿಯರನ್ನು ಎಳೆದುಕೊಂಡು ಹೋದರೆ ಹುಲಿಗಳು, ಅಂದರೆ ಎಲ್‌ಟಿಟಿಇಯವರು, ಮೊದಲು ಜಡೆ ಕತ್ತರಿಸುತ್ತಾರೆ, ಓಡಿಹೋದರೆ ಗುರುತು ಸಿಗಲಿ ಎಂದು. ಮನೆಗೊಬ್ಬರನ್ನು ಕೊಡಬೇಕು ಎಂದು ಹುಲಿಗಳು ಬಂದಾಗಲೆಲ್ಲ ತಾಯಿ ಅವಳನ್ನು ಹೊಂಡ ತೋಡಿ ಅದರೊಳಗೆ ಬಚ್ಚಿಡುತ್ತಿದ್ದಳಂತೆ. ಕೊನೆಗೆ ಸಿಕ್ಕಿಬಿದ್ದಳು. ಶಾಲೆಗೆ ಹೋಗುವ ಹುಡುಗಿ. ಅವಳ ಕೈಗೆ ಬಂದೂಕು ಕೊಟ್ಟು ಸೈನ್ಯದ ಎದುರು ನಿಲ್ಲಿಸಿದರು. ಆ ಕಡೆಯಿಂದ ಸೈನ್ಯ, ಬೆನ್ನ ಹಿಂದೆ ಹುಲಿಗಳು, ನಡುವಿನ ಮರಳಿನಲ್ಲಿ ಲಕ್ಷಗಟ್ಟಲೆ ಜನ.

“ಯಾರಿಗೂ ಹೇಳಬೇಡ ತಂಬಿ,” ಎಂದು ನನ್ನ ಕೈ ಹಿಡಿದ. “ಹುಲಿಯ ಅಪ್ಪ ಅಂತ ಗೊತ್ತಾದರೆ ಇಲ್ಲಿಂದ ಕಳಿಸ್ತಾರೆ. ಕೊಲಂಬೊ ಏರ್‌ಪೋರ್ಟಿನಲ್ಲೇ ಹಿಡೀತಾರೆ. ಆಮೇಲೆ ಅವಳನ್ನು ಹುಡುಕುವವರು ಯಾರು?”

ಕೋಣೆಯಲ್ಲಿ ಇದು ಗೊತ್ತಿದ್ದವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ಪ್ರೇಮಸಿರಿ. ಪ್ರೇಮಸಿರಿ ಸಿಂಹಳ. ಹಿಂದೆ ಲಂಕಾದ ಸೈನ್ಯದಲ್ಲಿದ್ದು ಓಡಿಬಂದವನು. ಇದು ಲಿಯೊನೆಲ್‌ಗೆ ಗೊತ್ತಿರಲಿಲ್ಲ. ನಮ್ಮ ಮೂವರ ಮಾತು ಕ್ಯಾಂಪಿನ ಹರಕು ಹಿಂದಿಯಲ್ಲಿ. ಅವನಿಗೆ ಸೈನ್ಯದಲ್ಲಿ ಕಲಿತ ತಮಿಳೂ ಒಂದಿಷ್ಟು ಬರುತ್ತಿತ್ತು.

ಡೋಲಿನ ವಿಷಯ ನಾನು ಮೊದಲು ಹೇಳಿದ್ದು ಅವನಿಗೆ. ಸಂಜೆ ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಇಬ್ಬರೇ ಇದ್ದೆವು. ಅವನು ಶರ್ಟು ಹಿಂಡುವುದನ್ನು ನಿಲ್ಲಿಸಿದ.

“ಹಾಲನ್ನವಾ? ಅದನ್ನು ನಾವು ಹೊಸ ವರ್ಷಕ್ಕೆ ಮಾಡುವುದು. ಮಗುವಿಗೆ ಮೊದಲ ತುತ್ತು ಅದೇ,” ಎಂದ.

ಆಮೇಲೆ ಕೇಳದೆಯೇ ಹೇಳಿದ. ಅವನು ಸೈನ್ಯ ಸೇರಿದ್ದು ಮನೆಗೆ ಮಾಡು ಹೊದಿಸಲಿಕ್ಕೆ. ದೇಶಪ್ರೇಮ ಇದ್ದವರ ಮಕ್ಕಳು ಲಂಡನ್ನಿಗೆ ಹೋದರು, ಮನೆಗೆ ಮಾಡಿಲ್ಲದ ನಾವು ಸೈನ್ಯಕ್ಕೆ ಹೋದೆವು ಎಂದ. ಒಂದು ಸೋಲಿನ ನಂತರ ಅವನನ್ನು ಹೆಣದ ಪೆಟ್ಟಿಗೆಗಳ ಜತೆ ಊರೂರಿಗೆ ಕಳಿಸಿದರು. ಪೆಟ್ಟಿಗೆಗೆ ಸೀಲು. ತೆರೆಯಬಾರದು ಎಂದು ಆರ್ಡರ್. ಮಣ್ಣು ಮಾಡುವವರೆಗೆ ಬಂದೂಕು ಹಿಡಿದು ಪೆಟ್ಟಿಗೆ ಕಾಯುವುದೇ ಅವನ ಡ್ಯೂಟಿ. ಒಂದು ಹಳ್ಳಿಯಲ್ಲಿ ತಾಯಿಯೊಬ್ಬಳು ಅವನ ಬೂಟು ಹಿಡಿದುಕೊಂಡಳು. ಮುಖ ಬೇಡ, ಕಾಲು ಮಾತ್ರ ತೋರಿಸು ಮಗನೇ, ನನ್ನ ಮಗನ ಹೆಬ್ಬೆರಳು ಸೊಟ್ಟ, ನೋಡಿದರೆ ನನಗೆ ಗೊತ್ತಾಗುತ್ತದೆ ಎಂದಳು.

“ತೋರಿಸಿದಿಯಾ?”

“ಒಳಗೆ ಕಾಲು ಇದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಪೆಟ್ಟಿಗೆ ಎತ್ತುವಾಗ ಒಳಗೆ ಏನೋ ಜಾರುತ್ತಿತ್ತು. ಮನುಷ್ಯ ಹಾಗೆ ಜಾರುವುದಿಲ್ಲ.”

ಆ ಮನೆಯಿಂದ ಅವನು ಬ್ಯಾರಕ್ಕಿಗೆ ವಾಪಸು ಹೋಗಲಿಲ್ಲ. ಬಂದೂಕನ್ನು ಪೆಟ್ಟಿಗೆಯ ಮೇಲಿಟ್ಟು ನಡೆದುಬಿಟ್ಟ. ಈಗಲೂ ಸಿಕ್ಕಿದರೆ ಜೈಲು. ಇಷ್ಟು ಹೇಳಿ ಅವನು ಮತ್ತೆ ಶರ್ಟು ಹಿಂಡತೊಡಗಿದ.

ಬುಧವಾರ ನಾನು ಜಯಪಾಲನ ಆಫೀಸಿಗೆ ಹೋದೆ. ಎ.ಸಿ.ಯ ತಂಪಿಗೆ ಬೆವರು ಒಣಗಿ ಮೈ ನಡುಗಿತು. “ಜಯಪಾಲಣ್ಣ, ನನಗೆ ಬಡಿಯಲಿಕ್ಕೆ ಆಗುವುದಿಲ್ಲ,” ಎಂದೆ.

“ಎಂತಕ್ಕೆ?”

“ನನ್ನ ಕೋಣೆಯಲ್ಲಿ ತಮಿಳ ಇದ್ದಾನೆ. ಅವನ ಮನೆಯವರು ಸತ್ತಿದ್ದಾರೋ ಬದುಕಿದ್ದಾರೋ ಗೊತ್ತಿಲ್ಲ. ಅವನ ಬಾಗಿಲ ಮುಂದೆ ನಾನು ಹೇಗೆ ಬಡಿಯುವುದು?”

ಜಯಪಾಲ ನಕ್ಕ. “ಅಲ್ಲ ಮಾರಾಯ, ಊರಲ್ಲಿ ಡೋಲಿಗೆ ಕರೆದಾಗ ನಿನ್ನ ಅಪ್ಪ ಹೀಗೆಲ್ಲ ಕೇಳ್ತಿದ್ದನಾ? ಕರೆದರು, ಬಂದ. ಅಷ್ಟೇ.” ಆಮೇಲೆ ನಗು ನಿಲ್ಲಿಸಿದ. “ನೋಡು, ನೀನು ಬಡಿಯದಿದ್ದರೆ ಲಿಯೊನೆಲ್ ಸಾರ್ ಯಾಕೆ ಅಂತ ಕೇಳ್ತಾರೆ. ಆ ತಮಿಳ ಹೇಳಿಕೊಟ್ಟದ್ದು ಅಂತ ನಾನು ಹೇಳ್ಬೇಕಾಗ್ತದೆ. ಮತ್ತೆ ಅವ ಖಲಾಸ್. ನೀನೂ ಖಲಾಸ್. ಗೊತ್ತಾಯಿತಾ?”

ಎಂಥ ಜಾಣ! ನನ್ನ ಕೈಗೆ ಕೋಲು ಕೊಡಲು ಇನ್ನೊಬ್ಬನ ಕುತ್ತಿಗೆ ಹಿಡಿದ.

ಕೋಣೆಗೆ ಬಂದು ಎಲ್ಲ ಹೇಳಿದೆ. ತರ್ಮಲಿಂಗಂ ಕೇಳುತ್ತ ಕೇಳುತ್ತ ಎದ್ದು ನಿಂತ. ನನ್ನ ಬೆನ್ನು ತಟ್ಟುತ್ತಾನೆ ಎಂದುಕೊಂಡೆ. ಅವನು ನನ್ನ ಅಂಗಿಯ ಕಾಲರು ಹಿಡಿದ.

“ನಿನಗೆ ಬಡಿಯಬೇಡ ಅಂತ ಯಾರು ಹೇಳಿದರು? ನಾನು ಹೇಳಿದೆನಾ? ನನ್ನ ಹೆಸರು ಯಾಕೆ ತೆಗೆದೆ?”

“ನಿನಗೆ ನೋವಾಗಬಾರದು ಅಂತ...”

“ನನ್ನ ನೋವು ನಿನಗೆ ಬೇಡ! ಬಡಿ. ಎಲ್ಲರಿಗಿಂತ ಜೋರಾಗಿ ಬಡಿ. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೀತೇನೆ. ಅವರು ಕುಣಿ ಅಂದರೆ ಕುಣೀತೇನೆ. ನಾನು ಇಲ್ಲೇ ಉಳಿಯಬೇಕು. ಅವಳು ಅಲ್ಲಿ ಯಾವುದಾದರೂ ನಿರಾಶ್ರಿತರ ಕ್ಯಾಂಪಲ್ಲಿ ಇದ್ದರೆ, ಫೋನು ಮಾಡಿದರೆ, ಎತ್ತಲಿಕ್ಕೆ ನಾನು ಇರಬೇಕು!” ಕಾಲರು ಬಿಟ್ಟು ಅವನು ನನ್ನ ಕಾಲ ಬಳಿ ಕುಸಿದ. “ಬಡಿ ತಂಬಿ. ನಿನ್ನ ಕಾಲಿಗೆ ಬೀಳ್ತೇನೆ.”

ನನ್ನ ಕೈಯ ನೀರು ಕುಡಿಯದವನು ನನ್ನ ಕಾಲು ಹಿಡಿದಿದ್ದ. ನನಗೆ ಅದರಿಂದ ಯಾವ ಸಂತೋಷವೂ ಆಗಲಿಲ್ಲ. ಬಡಿಯುತ್ತೇನೆ ಎಂದು ಮಾತು ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ಮೆಸ್ಸಿನ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಗೋಡೆಗೆ ಅವರ ದೇಶದ ಬಾವುಟ. ಮೇಜಿನ ಮೇಲೆ ದೊಡ್ಡ ದೊಡ್ಡ ತಟ್ಟೆಗಳಲ್ಲಿ ಹಾಲನ್ನ. ತೆಂಗಿನ ಹಾಲಿನಲ್ಲಿ ಬೇಯಿಸಿ, ಒತ್ತಿ, ವಜ್ರದಾಕಾರಕ್ಕೆ ಕತ್ತರಿಸಿ ಇಟ್ಟಿದ್ದರು. ನಿಜ ಹೇಳುತ್ತೇನೆ, ಪರಿಮಳ ಚೆನ್ನಾಗಿತ್ತು. ಸಿಂಹಳದ ಹುಡುಗರು ಇಸ್ತ್ರಿ ಹಾಕಿದ ಶರ್ಟು ತೊಟ್ಟು ಬಂದಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೂವತ್ತು ವರ್ಷ ಬಾಂಬಿನ ಭಯದಲ್ಲಿ ಬಸ್ಸು ಹತ್ತಿದವರ ಮಕ್ಕಳು ಅವರು. ಮುಗಿಯಿತಲ್ಲ ಎನ್ನುವ ಸಮಾಧಾನ ಅವರ ಮುಖದಲ್ಲಿತ್ತು. ತಟ್ಟೆ ಹಿಡಿಯಲು ಲಿಯೊನೆಲ್ ಪ್ರೇಮಸಿರಿಯನ್ನು ಕರೆದಿದ್ದ. ಅವನು ಕಲ್ಲಿನ ಮುಖ ಮಾಡಿ ಹಿಡಿದು ನಿಂತಿದ್ದ.

ನಾನು ಡೋಲು ಹೆಗಲಿಗೆ ಹಾಕಿಕೊಂಡು ಬಂದೆ. ಬಡಿಯಲೆಂದೇ ಬಂದೆ.

ಲಿಯೊನೆಲ್ ಮಾತಾಡಿದ. ಮೊದಲು ಸಿಂಹಳದಲ್ಲಿ, ಆಮೇಲೆ ನಮಗೆಲ್ಲ ತಿಳಿಯಲೆಂದು ಹಿಂದಿಯಲ್ಲಿ. ಇನ್ನು ಮೇಲೆ ಸಿಂಹಳ ಇಲ್ಲ, ತಮಿಳ ಇಲ್ಲ, ನಾವೆಲ್ಲ ಒಂದೇ ಎಂದ. ನಂತರ ಮುಂದಿನ ಸಾಲಿನಲ್ಲಿ ಕೂತಿದ್ದ ತರ್ಮಲಿಂಗಂ ಕಡೆಗೆ ಕೈ ಚಾಚಿದ. “ಬಾ ಮಲ್ಲಿ, ಮೊದಲ ತುತ್ತು ನಿನಗೆ. ನಮ್ಮಲ್ಲಿ ಮನೆಯ ಹಿರಿಯ ತನ್ನ ಕೈಯಿಂದ ತಿನ್ನಿಸುವುದು ಪದ್ಧತಿ.” ಮಲ್ಲಿ ಎಂದರೆ ಅವರ ಭಾಷೆಯಲ್ಲಿ ತಮ್ಮ. ಎಲ್ಲರೂ ಚಪ್ಪಾಳೆ ತಟ್ಟಿದರು.

ತರ್ಮಲಿಂಗಂ ಎದ್ದ. ಲಿಯೊನೆಲ್ ಒಂದು ತುಂಡು ಮುರಿದು ಕೈಯಲ್ಲಿ ಹಿಡಿದ. ಜಯಪಾಲ ನನ್ನ ಕಿವಿಯ ಹತ್ತಿರ ಬಗ್ಗಿ ತುಳುವಿನಲ್ಲಿ ಹೇಳಿದ, “ಬಾಯಿಗೆ ಹಾಕುವಾಗ ಬಡಿ.”

ನನ್ನ ಕೈ ಅಲ್ಲೇ ನಿಂತಿತು. ನಾನು ನಿಲ್ಲಿಸಿದ್ದಲ್ಲ. ಅದಾಗಿಯೇ ನಿಂತಿತು.

“ಬಡಿ ಮಾರಾಯ!”

ಲಿಯೊನೆಲ್ ನನ್ನ ಕಡೆ ತಿರುಗಿದ, ಜಯಪಾಲನ ಕಡೆ ತಿರುಗಿದ. ಜಯಪಾಲ ಗಾಬರಿಯಲ್ಲಿ ಬೆರಳು ಎತ್ತಿ ತರ್ಮಲಿಂಗಂನನ್ನು ತೋರಿಸಿದ. “ಸರ್, ಇವನು... ಈ ತಮಿಳ ಇವನಿಗೆ...” ಲಿಯೊನೆಲ್‌ನ ಹುಬ್ಬು ಗಂಟಿಕ್ಕಿತು. ತರ್ಮಲಿಂಗಂ ನನ್ನನ್ನು ನೋಡಿದ. ಆ ನೋಟವನ್ನು ನಾನು ಬರೆಯಲಾರೆ. ಬಡಿದರೆ ನಾನು ನಾಯಿ, ಬಡಿಯದಿದ್ದರೆ ಅವನು ಹೆಣ.

ಡೋಲು ಕಳಚಿ ನೆಲಕ್ಕಿಟ್ಟೆ. ಕ್ಯಾಂಪಿನಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಗಂಟಲು ಹರಿಯುವ ಹಾಗೆ ಹಿಂದಿಯಲ್ಲಿ ಕೂಗಿದೆ.

“ಆ ತಮಿಳ ನನಗೆ ಏನೂ ಹೇಳಿಲ್ಲ. ಅವನು ನನ್ನ ಕೈಯ ನೀರೂ ಕುಡಿಯುವುದಿಲ್ಲ. ನಾನು ಕೊರಗ. ನಮ್ಮೂರಿನ ಎಲ್ಲರಿಗಿಂತ ಕೆಳಗಿನ ಜಾತಿ. ಇದೋ, ಈ ಜಯಪಾಲನಿಗೆ ಗೊತ್ತು. ಕೇಳಿ.”

ಜಯಪಾಲ “ಖಲಾಸ್, ಖಲಾಸ್” ಎನ್ನುತ್ತ ನನ್ನ ತೋಳು ಎಳೆದ. ನಾನು ಕೊಡವಿದೆ.

“ನಮ್ಮೂರಲ್ಲಿ ಅಜಲು ಅಂತ ಒಂದಿತ್ತು. ದೊಡ್ಡವರ ಮನೆಯಲ್ಲಿ ಬಸುರಿ ಇದ್ದರೆ, ಕಾಯಿಲೆ ಬಿದ್ದರೆ, ಅವರ ಕೂದಲು, ಅವರ ಉಗುರು ಅನ್ನದಲ್ಲಿ ಕಲಸಿ ನಮ್ಮವರನ್ನು ಕರೆದು ತಿನ್ನಿಸುತ್ತಿದ್ದರು. ಅವರ ಪೀಡೆ ನಮಗೆ ಹತ್ತಲಿ ಅಂತ. ನನ್ನ ಅಪ್ಪ ತಿಂದಿದ್ದಾನೆ. ಅಂಗಳದಲ್ಲಿ ಕೂರಿಸಿ ತಿನ್ನಿಸಿದರು, ನಾನು ಪಕ್ಕದಲ್ಲಿದ್ದೆ. ಕರೆದಲ್ಲಿ ಡೋಲು ಬಡಿಯುವುದೂ ಅದೇ ಅಜಲು. ಸರಕಾರ ಕಾನೂನು ಮಾಡಿ ನಿಲ್ಲಿಸಿತು. ಇವನು ಅದನ್ನು ದುಬೈಗೆ ತಂದ. ಒಬ್ಬನ ಬಾಯಿಗೆ ಅನ್ನ ತುರುಕುವಾಗ ನಾನು ಬಡಿಯುವುದಿಲ್ಲ. ಯಾರ ಅನ್ನವೇ ಆಗಲಿ, ಯಾರ ಬಾಯಿಯೇ ಆಗಲಿ. ವೀಸಾ ತೆಗೀತೀರಾ, ತೆಗೀರಿ!”

ಹಿಂದಿ ಬಾರದ ಸಿಂಹಳದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಪ್ರೇಮಸಿರಿ ಬಾಯಿ ಬಿಟ್ಟ. ಯಾರೂ ಹೇಳದೆಯೇ, ತಟ್ಟೆ ಹಿಡಿದುಕೊಂಡೇ ನನ್ನ ಮಾತನ್ನು ಸಿಂಹಳಕ್ಕೆ ಮಾಡಿ ಹೇಳತೊಡಗಿದ. ನಾನು ಹೇಳಿದ್ದಕ್ಕಿಂತ ಉದ್ದ ಹೇಳಿದ. ಮಧ್ಯದಲ್ಲಿ ಬಗ್ಗಿ ತನ್ನ ಕಾಲಿನ ಹೆಬ್ಬೆರಳು ಮುಟ್ಟಿ ತೋರಿಸಿದ. ಅವನು ಯಾರ ಮಾತು ಹೇಳುತ್ತಿದ್ದಾನೆಂದು ನನಗೆ ತಿಳಿಯಿತು. ಒಬ್ಬ ಹುಡುಗ ಮುಖ ಮುಚ್ಚಿಕೊಂಡ. ಅವನ ಅಣ್ಣ ಸೈನ್ಯದಲ್ಲಿ ಸತ್ತವನಂತೆ, ಆ ಮನೆಗೂ ಬಂದದ್ದು ಸೀಲು ಹಾಕಿದ ಪೆಟ್ಟಿಗೆಯೇ ಅಂತೆ.

ಲಿಯೊನೆಲ್‌ನ ಮುಖ ಕೆಂಪಾಯಿತು. ತುತ್ತು ಹಿಡಿದ ಕೈ ಇನ್ನೂ ಗಾಳಿಯಲ್ಲಿತ್ತು. ಅದನ್ನು ಇಳಿಸಿದರೆ ಅವನಿಗೆ ಅವಮಾನ. ತರ್ಮಲಿಂಗಂ ತಾನಾಗಿಯೇ ಒಂದು ಹೆಜ್ಜೆ ಮುಂದೆ ಹೋದ, ಕುತ್ತಿಗೆ ಬಗ್ಗಿಸಿ ಬಾಯಿ ತೆರೆದ.

ಲಿಯೊನೆಲ್ ಇಟ್ಟ. ಅವನು ಅಗಿದ. ನುಂಗಲು ಹೊತ್ತಾಯಿತು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮುಖದಲ್ಲಿ ನಗು ಇಟ್ಟುಕೊಂಡಿದ್ದ. “ಥ್ಯಾಂಕ್ಯೂ ಸರ್. ತುಂಬ ರುಚಿಯಾಗಿದೆ ಸರ್,” ಎಂದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಎದ್ದು ಹೋದರು. ಹಾಲನ್ನ ಮೇಜಿನ ಮೇಲೆ ನೊಣ ಮುತ್ತಿಕೊಂಡು ಉಳಿಯಿತು.

ಮರುದಿನವೇ ನನ್ನ ವೀಸಾ ರದ್ದು ಮಾಡಲು ಕಳಿಸಿದರು. ಪ್ರೇಮಸಿರಿ ಅದೇ ಶುಕ್ರವಾರ ಮಧ್ಯಾಹ್ನ ಚೀಲ ಹಿಡಿದು ಕ್ಯಾಂಪಿನಿಂದ ಹೊರಟುಹೋಗಿದ್ದ. ಸೈನ್ಯ ಬಿಟ್ಟ ಹಾಗೆಯೇ ಕಂಪನಿಯನ್ನೂ ಬಿಟ್ಟ. ಕೋಣೆಯಲ್ಲಿ ಯಾರೂ ನನ್ನ ತಟ್ಟೆಯಿಂದ ರೊಟ್ಟಿ ಮುರಿಯಲಿಲ್ಲ. ಸುಳ್ಳು ಹೇಳಲಾರೆ, ನನಗೆ ಪಶ್ಚಾತ್ತಾಪ ಆಯಿತು. ಆಮೇಲೆ ಪಶ್ಚಾತ್ತಾಪ ಆಯಿತಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ನಾನು ಹೊರಡುವ ಬೆಳಿಗ್ಗೆ ಕಂಪನಿ ಬಸ್ಸಿನ ಸಾಲಿನಲ್ಲಿ ತರ್ಮಲಿಂಗಂ ನಿಂತಿದ್ದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಸಾಲು ಬಿಟ್ಟು ನನ್ನ ಹತ್ತಿರ ಬಂದ. ಕ್ಷಮೆ ಕೇಳಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ.

“ತಂಬಿ, ಆ ಅನ್ನ ತಿಂದ ಮೇಲೆ ನಿನ್ನ ಅಪ್ಪ ಏನು ಮಾಡುತ್ತಿದ್ದ?”

“ಏನು ಮಾಡುವುದು? ಬಾಯಿ ಮುಕ್ಕಳಿಸುತ್ತಿದ್ದ. ಮರುದಿನ ಕೆಲಸಕ್ಕೆ ಹೋಗುತ್ತಿದ್ದ.”

ಅವನು ತಲೆಯಾಡಿಸಿದ. ಫೋರ್‌ಮನ್ “ಯಲ್ಲಾ, ಯಲ್ಲಾ” ಎಂದು ಕೂಗಿ ಅವಸರಪಡಿಸುತ್ತಿದ್ದ. ತರ್ಮಲಿಂಗಂ ಜೇಬಿನ ಫೋನು ಒಮ್ಮೆ ತೆಗೆದು ನೋಡಿ, ಒಳಗಿಟ್ಟು, ಬಸ್ಸು ಹತ್ತಿದ.